ನೋವಿಗೆ ಕಿವಿಗೊಟ್ಟ ಸಿಸಿಲಿ ಸಾಂಡರ್ಸ್

ರೋಗವು ಮೊದಲು ತಾಗುವುದು ದೇಹಕ್ಕಾದರೂ ಅದನ್ನು ಅನುಭವಿಸುವವನು ಇಡೀ ಮನುಷ್ಯ. ಜ್ವರ ಬಂದವನಿಗೆ ಔಷಧ ಬೇಕು. ಅದರ ಜೊತೆಗೆ ಹಣೆಯ ಮೇಲೊಂದು ತಣ್ಣನೆಯ ಕೈಯೂ ಬೇಕು. ಸಾಮಾನ್ಯವಾದ ಜ್ವರದ ಮಾತೇ ಹೀಗಿರುವಾಗ ಅರ್ಬುದವೆಂದೂ ಕ್ಯಾನ್ಸರ್ ಎಂದೂ ಕರೆಯುವ ಕಾಯಿಲೆಯ ಮಾತನ್ನು ಹೇಳಬೇಕಾಗಿಲ್ಲ. ಅದರ ಹೆಸರನ್ನು ಕೇಳಿದೊಡನೆಯೇ ರೋಗಿಯ ಧೈರ್ಯ ಕುಸಿಯುತ್ತದೆ. ಮನೆಯವರು ಪಿಸುಮಾತಿನಲ್ಲಿ ಮಾತನಾಡತೊಡಗುತ್ತಾರೆ. ಶಸ್ತ್ರಚಿಕಿತ್ಸೆ, ವಿಕಿರಣ, ಔಷಧಗಳ ದೀರ್ಘವಾದ ಹಾದಿಯಲ್ಲಿ ರೋಗಿಯು ದೇಹದಲ್ಲಿ ಬಳಲುವಷ್ಟೇ ಮನಸ್ಸಿನಲ್ಲಿಯೂ ಬಳಲುತ್ತಾನೆ. ಈ ಎರಡನೆಯ ಬಳಲಿಕೆಯೂ ನಿಜವಾದ ನೋವೇ, ಅದನ್ನು ಶಮನಗೊಳಿಸುವುದೂ ಶುಶ್ರೂಷೆಯ ಕರ್ತವ್ಯವೇ ಎಂದು ವೈದ್ಯಲೋಕಕ್ಕೆ ಮನವರಿಕೆ ಮಾಡಿಕೊಟ್ಟವರಲ್ಲಿ ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಅಗ್ರಗಣ್ಯರು.

ಸಿಸಿಲಿ ಸಾಂಡರ್ಸ್ ಅವರು 1918ನೆಯ ಇಸವಿ ಜೂನ್ 22ರಂದು ಲಂಡನ್ನಿನ ಸಮೀಪದ ಬಾರ್ನೆಟ್ ಎಂಬಲ್ಲಿ ಜನಿಸಿದರು. ತಂದೆ ಮನೆ, ಜಮೀನುಗಳ ಮಾರಾಟದ ವ್ಯವಹಾರದಲ್ಲಿ ಅನುಕೂಲಸ್ಥರಾಗಿದ್ದವರು. ಮನೆಯಲ್ಲಿ ಸಂಪತ್ತಿಗೆ ಕೊರತೆಯಿರಲಿಲ್ಲ. ಆದರೆ ತಂದೆತಾಯಿಗಳ ನಡುವೆ ಹೊಂದಾಣಿಕೆಯಿರಲಿಲ್ಲ. ಹತ್ತು ವರ್ಷ ದಾಟಿದ ಮೇಲೆ ಸಿಸಿಲಿಯನ್ನು ರೋಡೀನ್ ಎಂಬ ವಸತಿಶಾಲೆಗೆ ಸೇರಿಸಿದರು. ಆಕೆ ಓರಗೆಯವರಿಗಿಂತ ಎತ್ತರವಾಗಿದ್ದರು, ಸಂಕೋಚದ ಸ್ವಭಾವದವರು. ಬೆನ್ನುಮೂಳೆಯು ಸ್ವಲ್ಪ ಡೊಂಕಾಗಿದ್ದುದರಿಂದ ಆಗಾಗ ನೋವನ್ನೂ ಅನುಭವಿಸುತ್ತಿದ್ದರು. ಗುಂಪಿನೊಡನೆ ಬೆರೆಯಲಾರದೆ ಹೊರಗುಳಿದವರ ಮನಸ್ಸು ಹೇಗಿರುತ್ತದೆ ಎಂಬುದನ್ನು ಆಕೆ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಆ ಎಳೆಯ ವಯಸ್ಸಿನ ಒಂಟಿತನವೇ ಮುಂದೆ ಒಂಟಿಯಾಗಿ ಮಲಗಿದ ರೋಗಿಗಳ ಕಡೆಗೆ ಆಕೆಯನ್ನು ಸೆಳೆದಿರಬೇಕು.

ದಾದಿಯಾಗಬೇಕೆಂಬ ಆಸೆ ಆಕೆಗೆ ಮೊದಲಿನಿಂದಲೂ ಇತ್ತು. ಮನೆಯವರು ಇದನ್ನು ಒಪ್ಪಲಿಲ್ಲ. ಆದುದರಿಂದ 1938ರಲ್ಲಿ ಆಕೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿ ರಾಜ್ಯಶಾಸ್ತ್ರ, ತತ್ತ್ವಶಾಸ್ತ್ರ, ಅರ್ಥಶಾಸ್ತ್ರಗಳ ಅಧ್ಯಯನಕ್ಕೆ ತೊಡಗಿದರು. ಮರುವರ್ಷವೇ ಎರಡನೆಯ ಮಹಾಯುದ್ಧವು ಆರಂಭವಾಯಿತು. ದೇಶವೆಲ್ಲ ಸಂಕಟದಲ್ಲಿರುವಾಗ ಗ್ರಂಥಾಲಯದಲ್ಲಿ ಕುಳಿತಿರುವುದು ಆಕೆಯ ಮನಸ್ಸಿಗೆ ಒಗ್ಗಲಿಲ್ಲ. 1940ರಲ್ಲಿ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ, ಲಂಡನ್ನಿನ ಸಂತ ಥಾಮಸರ ಆಸ್ಪತ್ರೆಗೆ ಸೇರಿದ ಶುಶ್ರೂಷಾ ಶಾಲೆಯನ್ನು ಪ್ರವೇಶಿಸಿದರು. ಅದು ಫ್ಲಾರೆನ್ಸ್ ನೈಟಿಂಗೇಲ್ ಸ್ಥಾಪಿಸಿದ ಶಾಲೆ. ಎಷ್ಟೋ ವರ್ಷಗಳಿಂದ ತಾನು ಹುಡುಕುತ್ತಿದ್ದ ಸ್ಥಳ ಇದೇ ಎಂದು ಆಕೆಗೆ ಅನ್ನಿಸಿತು. ಸಂಕೋಚದ ಹುಡುಗಿ ರೋಗಿಗಳ ಹಾಸಿಗೆಯ ಬಳಿ ನಿಂತೊಡನೆ ಮಾತುಬಲ್ಲವಳಾದಳು.

ಆದರೆ ದೈವ ಬೇರೆಯೇ ಬಗೆದಿತ್ತು. ರೋಗಿಗಳನ್ನು ಎತ್ತಿ ಮಲಗಿಸುವ, ಹೊರಳಿಸುವ ದುಡಿಮೆಯನ್ನು ಆಕೆಯ ಬೆನ್ನು ತಾಳಲಿಲ್ಲ. 1944ರಲ್ಲಿ ಶಿಕ್ಷಣವನ್ನು ಪೂರೈಸಿದರೂ ದಾದಿಯ ಕೆಲಸವನ್ನು ಮುಂದುವರಿಸಕೂಡದೆಂದು ವೈದ್ಯರು ಸ್ಪಷ್ಟವಾಗಿ ತಿಳಿಸಿದರು. ಸಿಸಿಲಿಯವರಿಗೆ ಇದು ದೊಡ್ಡ ಆಘಾತ. ಆಸ್ಪತ್ರೆಯಿಂದ ದೂರವಾಗಲು ಒಲ್ಲದ ಆಕೆ ಆಕ್ಸ್‌ಫರ್ಡಿಗೆ ಹಿಂದಿರುಗಿ ಪದವಿಯನ್ನು ಪಡೆದು, ಆಸ್ಪತ್ರೆಯ ಸಮಾಜಸೇವಕಿಯ ತರಬೇತಿಯನ್ನು ಪಡೆದುಕೊಂಡರು. ರೋಗಿಗಳ ಮನೆಯ ಪರಿಸ್ಥಿತಿಯನ್ನು ವಿಚಾರಿಸುವುದು, ಅವರ ಹಣಕಾಸಿನ ತೊಂದರೆಗಳಿಗೆ ದಾರಿ ಹುಡುಕುವುದು ಆ ಕೆಲಸದ ಸ್ವರೂಪ. ಹಾಸಿಗೆಯಲ್ಲಿ ಮಲಗಿರುವ ಒಬ್ಬ ರೋಗಿಯ ಹಿಂದೆ ಬಾಡಿಗೆ ಕಟ್ಟಲಾಗದ ಒಂದು ಮನೆ, ಶಾಲೆ ತಪ್ಪಿದ ಮಕ್ಕಳು, ಕೆಲಸ ಬಿಟ್ಟು ಕಾದು ಕುಳಿತ ಹೆಂಡತಿ ಇರುತ್ತಾರೆಂಬುದನ್ನು ಆಕೆ ಕಣ್ಣಾರೆ ಕಂಡುದು ಈ ಕಾಲದಲ್ಲಿಯೇ.

1947ರಲ್ಲಿ ಆಕೆಗೆ ಡೇವಿಡ್ ಟಾಸ್ಮಾ ಎಂಬ ರೋಗಿಯ ಪರಿಚಯವಾಯಿತು. ಆತನು ಪೋಲೆಂಡ್ ದೇಶದ ವಾರ್ಸಾ ನಗರದ ಯಹೂದಿ, ಲಂಡನ್ನಿನಲ್ಲಿ ಪರಿಚಾರಕನ ಕೆಲಸ ಮಾಡುತ್ತಿದ್ದವನು, ವಯಸ್ಸು ನಲವತ್ತು. ಆತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಕೈಮೀರಿತ್ತು. ಆ ಪರದೇಶದಲ್ಲಿ ಆತನಿಗೆ ಬಂಧುಗಳಿರಲಿಲ್ಲ. ತಾನು ಬದುಕಿದ್ದುದಕ್ಕೆ ಈ ಲೋಕದಲ್ಲಿ ಯಾವ ಗುರುತೂ ಉಳಿಯುವುದಿಲ್ಲವಲ್ಲ ಎಂಬ ಕೊರಗು ಆತನನ್ನು ರೋಗಕ್ಕಿಂತ ಹೆಚ್ಚಾಗಿ ತಿನ್ನುತ್ತಿತ್ತು. ಸಿಸಿಲಿ ಬಿಡುವು ದೊರೆತಾಗಲೆಲ್ಲ ಆತನ ಬಳಿ ಬಂದು ಕುಳಿತುಕೊಳ್ಳುತ್ತಿದ್ದರು. ಗದ್ದಲದಿಂದ ತುಂಬಿದ ಆ ವಾರ್ಡಿನಲ್ಲಿ, ಇಂತಹ ರೋಗಿಗಳಿಗೆಂದೇ ಒಂದು ನೆಮ್ಮದಿಯ ಮನೆ ಇದ್ದರೆ ಎಷ್ಟು ಚೆನ್ನ ಎಂದು ಇಬ್ಬರೂ ಮಾತನಾಡಿಕೊಂಡರು. ಒಂದು ದಿನ ಸಮಾಧಾನಕ್ಕಾಗಿ ಏನನ್ನಾದರೂ ಓದಿ ಹೇಳಲೇ ಎಂದು ಸಿಸಿಲಿ ಕೇಳಿದಾಗ, ತನಗೆ ಬೇಕಾದುದು ಆಕೆಯ ಬುದ್ಧಿಯಲ್ಲಿಯೂ ಹೃದಯದಲ್ಲಿಯೂ ಇರುವುದು ಮಾತ್ರ ಎಂದು ಆತನು ತಿಳಿಸಿದನು. ಬುದ್ಧಿ ಎಂದರೆ ನೋವನ್ನು ಅರಿತು ನಿವಾರಿಸುವ ಶಾಸ್ತ್ರಜ್ಞಾನ. ಹೃದಯ ಎಂದರೆ ನೊಂದವನ ಜೊತೆಗಿರುವ ಸ್ನೇಹ. ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದು ಸಾಲದೆಂಬ ಪಾಠವನ್ನು ಸಿಸಿಲಿ ಆ ರೋಗಿಯಿಂದ ಕಲಿತರು.

1948ರ ಫೆಬ್ರವರಿಯಲ್ಲಿ ಟಾಸ್ಮಾ ತೀರಿಕೊಂಡನು. ಆತನು ತನ್ನ ಉಳಿತಾಯದ ಐನೂರು ಪೌಂಡುಗಳನ್ನು ಸಿಸಿಲಿಗೆ ಬಿಟ್ಟುಹೋಗಿದ್ದನು. ಆಕೆ ಮುಂದೆ ಕಟ್ಟುವ ಮನೆಯಲ್ಲಿ ತಾನೊಂದು ಕಿಟಕಿಯಾಗಿರುವೆನೆಂಬುದು ಆತನ ಕೊನೆಯ ಆಸೆಯಾಗಿತ್ತು. ಮನೆಯಿನ್ನೂ ಇರಲಿಲ್ಲ, ನಿವೇಶನವಿರಲಿಲ್ಲ, ನಕ್ಷೆಯೂ ಇರಲಿಲ್ಲ. ಇದ್ದುದು ಒಂದು ಕಿಟಕಿ ಮಾತ್ರ. ಆ ಕಿಟಕಿಯ ಸುತ್ತ ಮನೆ ಕಟ್ಟಲು ಸಿಸಿಲಿಯವರಿಗೆ ಹತ್ತೊಂಬತ್ತು ವರ್ಷಗಳು ಬೇಕಾದವು.

ಅಂದಿನ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ರೋಗಿಗಳ ಸ್ಥಿತಿ ಹೇಗಿತ್ತೆಂಬುದನ್ನು ತಿಳಿಯದೆ ಆಕೆಯ ಸಾಧನೆಯ ಮಹತ್ತ್ವ ಅರಿವಾಗದು. ಗುಣಪಡಿಸಲು ಸಾಧ್ಯವಾಗುವವರೆಗೆ ವೈದ್ಯರು ಉತ್ಸಾಹದಿಂದ ಚಿಕಿತ್ಸೆ ನೀಡುತ್ತಿದ್ದರು. ಅದು ಸಾಧ್ಯವಿಲ್ಲವೆಂದು ತೋರಿದ ಮೇಲೆ ಇನ್ನು ಮಾಡುವುದೇನೂ ಉಳಿದಿಲ್ಲವೆಂದು ಹಾಸಿಗೆಯ ಬಳಿ ಬರುವುದನ್ನೇ ಕಡಿಮೆ ಮಾಡುತ್ತಿದ್ದರು. ರೋಗಿಗೆ ಕಾಯಿಲೆಯ ಹೆಸರನ್ನು ತಿಳಿಸುತ್ತಿರಲಿಲ್ಲ. ಮಾರ್ಫಿನ್ ಎಂಬ ನೋವುನಿವಾರಕ ಔಷಧವಿದ್ದರೂ ಅದರ ಚಟ ಅಂಟೀತೆಂಬ ಭಯದಿಂದ ಅದನ್ನು ಬಹು ಜಿಪುಣತನದಿಂದ ಕೊಡುತ್ತಿದ್ದರು. ನೋವು ಸಹಿಸಲಾರದಷ್ಟು ಹೆಚ್ಚಿದ ಮೇಲೆ ರೋಗಿಯು ಬೇಡಬೇಕು. ಬೇಡಿದ ಮೇಲೆ ಚುಚ್ಚುಮದ್ದು ಬರುವ ತನಕ ಕಾಯಬೇಕು. ನೋವು ತಗ್ಗಿದಾಗಲೂ ಅದು ಮತ್ತೆ ಯಾವಾಗ ಮರಳುವುದೋ ಎಂಬ ಅಂಜಿಕೆಯು ಮನಸ್ಸನ್ನು ಹಿಂಡುತ್ತಿತ್ತು. ಅಂಜಿಕೆಯು ನೋವನ್ನು ಬೆಳೆಸುವುದು, ಬೆಳೆದ ನೋವು ಅಂಜಿಕೆಯನ್ನು ಬೆಳೆಸುವುದು. ಹೀಗೆ ರೋಗಿಯು ಗಾಣದ ಎತ್ತಿನಂತೆ ಆ ಸುತ್ತಿನಲ್ಲಿಯೇ ತಿರುಗುತ್ತಿದ್ದನು.

ಟಾಸ್ಮಾನ ಮರಣಾನಂತರ ಸಿಸಿಲಿ ಸಂತ ಲೂಕರ ಹೆಸರಿನ ಒಂದು ಶುಶ್ರೂಷಾಲಯದಲ್ಲಿ ಸಂಜೆಯ ವೇಳೆ ಸ್ವಯಂಸೇವಕಿಯಾಗಿ ದುಡಿದರು. ಅಲ್ಲಿ ನೋವುನಿವಾರಕವನ್ನು ರೋಗಿಯು ಬೇಡುವುದಕ್ಕೆ ಮೊದಲೇ, ಗೊತ್ತಾದ ಹೊತ್ತಿಗೆ ಸರಿಯಾಗಿ ಕೊಡುವ ಪದ್ಧತಿಯಿತ್ತು. ಅದರಿಂದ ರೋಗಿಗಳು ಎಷ್ಟು ಶಾಂತರಾಗಿರುತ್ತಿದ್ದರೆಂಬುದನ್ನು ಆಕೆ ಗಮನಿಸಿದರು. ಈ ಕ್ರಮವನ್ನು ಎಲ್ಲೆಡೆಯೂ ಹಬ್ಬಿಸಬೇಕೆಂಬ ಹಂಬಲ ಹುಟ್ಟಿತು. ಅಂತಹ ರೋಗಿಗಳ ಶುಶ್ರೂಷೆಗಾಗಿ ಮತ್ತೆ ದಾದಿಯಾಗಲೇ ಎಂದು ಆಕೆ ನಾರ್ಮನ್ ಬ್ಯಾರೆಟ್ ಎಂಬ ಶಸ್ತ್ರವೈದ್ಯರನ್ನು ಕೇಳಿದಾಗ, ಅವರು ವೈದ್ಯಶಾಸ್ತ್ರವನ್ನೇ ಓದಬೇಕೆಂದು ಸಲಹೆ ನೀಡಿದರು. ದಾದಿಯ ಮಾತಿಗೆ ಲೋಕವು ಕಿವಿಗೊಡದೆಂಬುದು ಅವರ ಅನುಭವ. ಆಗ ಸಿಸಿಲಿಯ ವಯಸ್ಸು ಮೂವತ್ತನ್ನು ಮೀರಿತ್ತು. ಆದರೂ ಹಿಂಜರಿಯದೆ 1951ರಲ್ಲಿ ವೈದ್ಯಕೀಯ ಕಾಲೇಜನ್ನು ಸೇರಿ, ತಮಗಿಂತ ಎಷ್ಟೋ ಚಿಕ್ಕವರ ಪಕ್ಕದಲ್ಲಿ ಕುಳಿತು ಓದಿ, 1957ರಲ್ಲಿ ವೈದ್ಯೆಯಾದರು. ದಾದಿ, ಸಮಾಜಸೇವಕಿ, ವೈದ್ಯೆ ಈ ಮೂವರೂ ಹೀಗೆ ಒಬ್ಬರಲ್ಲಿಯೇ ಕೂಡಿಕೊಂಡರು.

1958ರಿಂದ ಏಳು ವರ್ಷಗಳ ಕಾಲ ಆಕೆ ಲಂಡನ್ನಿನ ಹ್ಯಾಕ್ನಿ ಭಾಗದಲ್ಲಿದ್ದ ಸಂತ ಜೋಸೆಫರ ಆಶ್ರಯಧಾಮದಲ್ಲಿ ದುಡಿದರು. ಅಲ್ಲಿನ ಸಂನ್ಯಾಸಿನಿಯರು ರೋಗಿಗಳನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದರು. ಶಾಸ್ತ್ರೀಯವಾದ ಚಿಕಿತ್ಸಾಕ್ರಮವೊಂದೇ ಅಲ್ಲಿ ಇರಲಿಲ್ಲ. ಸಿಸಿಲಿ ಪ್ರತಿಯೊಬ್ಬ ರೋಗಿಯ ನೋವಿನ ವಿವರವನ್ನು ಬರೆದಿಡತೊಡಗಿದರು. ಮಾರ್ಫಿನ್ ಜಾತಿಯ ಔಷಧವನ್ನು ನಾಲ್ಕು ಗಂಟೆಗಳಿಗೊಮ್ಮೆ, ಆದಷ್ಟೂ ಬಾಯಿಯ ಮೂಲಕವೇ, ಆಯಾ ರೋಗಿಯ ನೋವಿಗೆ ತಕ್ಕ ಪ್ರಮಾಣದಲ್ಲಿ ಕೊಟ್ಟರು. ಮರಳಿ ಬರಲು ನೋವಿಗೆ ಎಡೆಯೇ ಇಲ್ಲದಂತಾಯಿತು. ಹೆದರಿದಂತೆ ರೋಗಿಗಳು ಮಂಪರಿನಲ್ಲಿ ಮುಳುಗಲಿಲ್ಲ, ಔಷಧಕ್ಕೆ ದಾಸರೂ ಆಗಲಿಲ್ಲ. ಎದ್ದು ಕುಳಿತು ಪತ್ರ ಬರೆದರು, ಮೊಮ್ಮಕ್ಕಳೊಡನೆ ಮಾತನಾಡಿದರು. ಸಾವಿರಕ್ಕೂ ಮಿಕ್ಕ ರೋಗಿಗಳ ಇಂತಹ ದಾಖಲೆಗಳನ್ನು ಸಂಗ್ರಹಿಸಿದುದರಿಂದ ಆಕೆಯ ಮಾತನ್ನು ಕೇವಲ ಕನಿಕರದ ಮಾತೆಂದು ತಳ್ಳಿಹಾಕಲು ವೈದ್ಯರಿಗೆ ಸಾಧ್ಯವಾಗಲಿಲ್ಲ.

ಇಲ್ಲಿಯೇ ಆಕೆ ತಮ್ಮ ಬಾಳಿನ ಮುಖ್ಯ ಸಿದ್ಧಾಂತವನ್ನು ರೂಪಿಸಿಕೊಂಡರು. ಒಮ್ಮೆ ಒಬ್ಬ ಮಹಿಳೆಯನ್ನು ನೋವಿನ ಬಗೆಗೆ ವಿಚಾರಿಸಿದಾಗ ಆಕೆ ಬೆನ್ನುನೋವಿನಿಂದ ಮಾತನ್ನು ಆರಂಭಿಸಿದಳು. ಈಗ ತನ್ನ ಮೈಯೆಲ್ಲವೂ ಕೆಟ್ಟಂತಾಗಿದೆಯೆಂದಳು. ಗಂಡನೂ ಮಗನೂ ಅಕ್ಕರೆಯುಳ್ಳವರು, ಆದರೆ ತನಗಾಗಿ ಅವರು ದುಡಿಮೆ ಬಿಟ್ಟು ನಿಲ್ಲಬೇಕಾಗಿದೆಯೆಂದಳು. ಔಷಧಕ್ಕಾಗಿ ಅತ್ತುಬಿಡಬೇಕೆನಿಸಿದರೂ ಅಳಬಾರದೆಂದು ತಡೆದುಕೊಂಡುದನ್ನೂ, ಯಾರಿಗೂ ತನ್ನ ಪಾಡು ಅರ್ಥವಾಗದೆಂದು ಅನ್ನಿಸಿದುದನ್ನೂ ಹೇಳಿಕೊಂಡಳು. ಈಗ ಮತ್ತೆ ನಿರ್ಭಯವಾಗಿರುವೆನೆಂಬ ಭಾವನೆ ಬರುತ್ತಿದೆಯೆಂದು ಮಾತನ್ನು ಮುಗಿಸಿದಳು. ದೇಹದ ನೋವು, ಮನಸ್ಸಿನ ನೋವು, ಸಂಸಾರದ ಚಿಂತೆ, ಬಾಳಿಗೆ ಅರ್ಥವೇನೆಂಬ ಆತ್ಮದ ತಳಮಳ ಇವು ನಾಲ್ಕೂ ಆ ಒಂದು ಉತ್ತರದಲ್ಲಿ ಹೆಣೆದುಕೊಂಡಿದ್ದವು. ಇವೆಲ್ಲವುಗಳ ಒಟ್ಟು ಮೊತ್ತವನ್ನು ಸಿಸಿಲಿ ಸಮಗ್ರ ನೋವು ಎಂದು ಕರೆದರು. ನಾಲ್ಕು ಎಳೆಗಳ ಹಗ್ಗದಲ್ಲಿ ಒಂದು ಎಳೆಯನ್ನು ಮಾತ್ರ ಸಡಿಲಿಸಿದರೆ ಗಂಟು ಬಿಚ್ಚದಷ್ಟೆ.

ಈ ಸಿದ್ಧಾಂತವು ಕಟ್ಟಡದ ರೂಪವನ್ನು ತಾಳಿದುದು ಸಂತ ಕ್ರಿಸ್ಟೋಫರರ ಹೆಸರಿನ ಆಶ್ರಯಧಾಮದಲ್ಲಿ. ಕ್ರಿಸ್ಟೋಫರ್ ಪ್ರಯಾಣಿಕರನ್ನು ಕಾಯುವ ಸಂತನೆಂಬುದು ಕ್ರೈಸ್ತರ ನಂಬಿಕೆ. ಸಿಸಿಲಿಯವರು ದೈವಭಕ್ತರಾದರೂ ಆ ಮನೆಯ ಬಾಗಿಲು ಎಲ್ಲ ಮತದವರಿಗೂ, ಯಾವ ಮತವನ್ನೂ ಒಪ್ಪದವರಿಗೂ ತೆರೆದಿರಬೇಕೆಂಬುದು ಅವರ ನಿಯಮವಾಗಿತ್ತು. ವರ್ಷಾನುಗಟ್ಟಲೆ ಪತ್ರ ಬರೆದು, ದಾನಿಗಳನ್ನು ಕಂಡು, ಹಣವನ್ನು ಕೂಡಿಸಿದರು. ಲಂಡನ್ನಿನ ದಕ್ಷಿಣ ಭಾಗದ ಸಿಡನ್‌ಹ್ಯಾಮ್ ಎಂಬಲ್ಲಿ 1967ರ ಜುಲೈ ತಿಂಗಳಲ್ಲಿ ಅದರ ಪ್ರಾರಂಭೋತ್ಸವವು ನೆರವೇರಿತು. ಶುಶ್ರೂಷೆ, ಸಂಶೋಧನೆ, ಶಿಕ್ಷಣ ಈ ಮೂರನ್ನೂ ಒಂದೇ ಸೂರಿನಡಿಯಲ್ಲಿ ನಡೆಸುವುದು ಅದರ ಹೊಸತನ. ಟಾಸ್ಮಾ ಬಯಸಿದ ಕಿಟಕಿಯನ್ನು ಆ ಮನೆಯಲ್ಲಿ ಇರಿಸುವುದನ್ನು ಸಿಸಿಲಿ ಮರೆಯಲಿಲ್ಲ.

ಆ ಧಾಮದಲ್ಲಿ ದಾದಿಯರು ನಡೆದುಕೊಳ್ಳುತ್ತಿದ್ದ ರೀತಿ ಗಮನಾರ್ಹವಾದುದು. ದಾದಿಯು ರೋಗಿಯ ಎದುರಿಗೆ ಅವಸರದಲ್ಲಿ ನಿಂತು ಮಾತನಾಡದೆ, ಕುರ್ಚಿಯನ್ನು ಎಳೆದುಕೊಂಡು ಅವನ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಬೇಕು. ತಾನು ಹೇಳುವುದಕ್ಕಿಂತ ಹೆಚ್ಚಾಗಿ ಕೇಳಬೇಕು. ರೋಗಿಯು ಮೌನವಾಗಿದ್ದರೆ ಆ ಮೌನದಲ್ಲಿಯೂ ಜೊತೆಗಿರಬೇಕು. ತನ್ನ ಕಾಯಿಲೆಯ ವಿಷಯವಾಗಿ ಎಷ್ಟು ತಿಳಿಯಬೇಕೆಂಬುದನ್ನು ರೋಗಿಯೇ ನಿರ್ಧರಿಸಬೇಕು. ಕೇಳಿದವನಿಗೆ ಸುಳ್ಳು ಹೇಳಬಾರದು, ಕೇಳದವನ ಮೇಲೆ ಸತ್ಯವನ್ನು ಹೇರಬಾರದು. ಒಣಗಿದ ಬಾಯಿಯನ್ನು ತೇವಗೊಳಿಸುವುದು, ದಿಂಬನ್ನು ಸರಿಪಡಿಸುವುದು, ತಲೆ ಬಾಚುವುದು ಇವೆಲ್ಲ ಸಣ್ಣ ಕೆಲಸಗಳಂತೆ ಕಂಡರೂ ನೀನು ಇನ್ನೂ ನಮಗೆ ಬೇಕಾದವನೆಂಬುದನ್ನು ರೋಗಿಗೆ ಮಾತಿಲ್ಲದೆ ತಿಳಿಸುವ ಕೆಲಸಗಳು. ಮಕ್ಕಳೂ ಮೊಮ್ಮಕ್ಕಳೂ ಬಂದು ಹೋಗಲು ಅಲ್ಲಿ ಅಡ್ಡಿಯಿರಲಿಲ್ಲ. ಹಾಸಿಗೆಯನ್ನೇ ತೋಟಕ್ಕೆ ತಳ್ಳಿಕೊಂಡು ಹೋಗಿ ಬಿಸಿಲು, ಹೂವುಗಳನ್ನು ತೋರಿಸುತ್ತಿದ್ದರು. ರೋಗಿಯು ತೀರಿಕೊಂಡ ಮೇಲೆಯೂ ಅವನ ಮನೆಯವರ ಶೋಕಕ್ಕೆ ಆಸರೆಯಾಗುತ್ತಿದ್ದರು. ನಿತ್ಯವೂ ಸಾವನ್ನು ಕಾಣುವ ದಾದಿಯರ ಮನಸ್ಸೂ ದಣಿಯುವುದೆಂಬುದನ್ನು ಅರಿತು, ಅವರು ತಮ್ಮ ದುಃಖವನ್ನು ಹೇಳಿಕೊಳ್ಳಲು ಅವಕಾಶ ಮಾಡಿಕೊಟ್ಟಿದ್ದರು. 1969ರಿಂದ ರೋಗಿಗಳ ಮನೆಗಳಿಗೇ ಹೋಗಿ ಶುಶ್ರೂಷೆ ಮಾಡುವ ವ್ಯವಸ್ಥೆಯೂ ಆರಂಭವಾಯಿತು.

ಸಿಡನ್‌ಹ್ಯಾಮಿನಲ್ಲಿ ಹೊತ್ತಿದ ಹಣತೆಯಿಂದ ಬೇರೆ ನಾಡುಗಳ ಹಣತೆಗಳೂ ಹೊತ್ತಿಕೊಂಡವು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಶುಶ್ರೂಷಾ ವಿಭಾಗದ ಮುಖ್ಯಸ್ಥೆಯಾಗಿದ್ದ ಫ್ಲಾರೆನ್ಸ್ ವಾಲ್ಡ್ ಸಿಸಿಲಿಯವರಿಂದ ಸ್ಫೂರ್ತಿ ಪಡೆದು, 1974ರಲ್ಲಿ ತಮ್ಮ ದೇಶದಲ್ಲಿ ಇಂತಹ ಸೇವೆಯನ್ನು ಆರಂಭಿಸಲು ಕಾರಣರಾದರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾನ್ಸರ್ ನೋವನ್ನು ನಿವಾರಿಸುವ ಕ್ರಮವನ್ನು ಪ್ರಕಟಿಸಿದಾಗ, ಔಷಧವನ್ನು ಬಾಯಿಯ ಮೂಲಕ, ಗಡಿಯಾರದ ಪ್ರಕಾರ ಕೊಡಬೇಕೆಂಬ ತತ್ತ್ವವು ಅದರಲ್ಲಿ ಸ್ಥಾನ ಪಡೆಯಿತು. 1987ರಲ್ಲಿ ಬ್ರಿಟನ್ನು ಉಪಶಾಮಕ ವೈದ್ಯವನ್ನು ವೈದ್ಯಶಾಸ್ತ್ರದ ಒಂದು ಪ್ರತ್ಯೇಕ ಶಾಖೆಯಾಗಿ ಅಂಗೀಕರಿಸಿತು. ಇಂತಹ ಶುಶ್ರೂಷೆ ಕೊನೆಯ ದಿನಗಳಿಗೆ ಮಾತ್ರ ಮೀಸಲೆಂಬ ಭಾವನೆಯೂ ಕ್ರಮೇಣ ದೂರವಾಯಿತು. 2010ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯರು ಶ್ವಾಸಕೋಶದ ಕ್ಯಾನ್ಸರ್ ಬಲಿತಿದ್ದ 151 ರೋಗಿಗಳನ್ನು ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. ಚಿಕಿತ್ಸೆಯ ಆರಂಭದಿಂದಲೇ ಉಪಶಾಮಕ ಆರೈಕೆಯನ್ನೂ ಪಡೆದವರಲ್ಲಿ ಖಿನ್ನತೆ ಕಡಿಮೆಯಾಗಿತ್ತು; ಅವರು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದ್ದುದೂ ಕಂಡುಬಂದಿತು.

ನಮ್ಮ ದೇಶಕ್ಕೂ ಈ ಬೆಳಕು ಹರಿಯಿತು. 1986ರಲ್ಲಿ ಮುಂಬಯಿಯಲ್ಲಿ ಶಾಂತಿ ಅವೇದನಾ ಸದನವು ಪ್ರಾರಂಭವಾಯಿತು. 1993ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ವೈದ್ಯರೂ ಸ್ವಯಂಸೇವಕರೂ ಕೂಡಿ ನೋವು ನಿವಾರಣೆಯ ಸಂಘವೊಂದನ್ನು ಕಟ್ಟಿದರು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ದತ್ತಿಸಂಸ್ಥೆಯೊಂದು ನಡೆಸುತ್ತಿರುವ ಕರುಣಾಶ್ರಯವು, ಗುಣವಾಗದ ಹಂತವನ್ನು ತಲಪಿದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಶುಶ್ರೂಷೆ ನೀಡುತ್ತದೆ. ಆದರೆ ಹಾದಿ ಸುಗಮವಾಗಿರಲಿಲ್ಲ. 1985ರ ಮಾದಕವಸ್ತು ಕಾಯಿದೆಯ ಬಿಗಿಯಾದ ನಿಯಮಗಳಿಂದಾಗಿ ಭಾರತದ ಆಸ್ಪತ್ರೆಗಳಿಗೆ ಮಾರ್ಫಿನ್ ದೊರೆಯುವುದೇ ಕಷ್ಟವಾಯಿತು. ಅಫೀಮನ್ನು ಬೆಳೆದು ಪರದೇಶಗಳಿಗೆ ಕಳುಹಿಸುವ ನಾಡಿನಲ್ಲಿಯೇ ರೋಗಿಗಳು ಔಷಧವಿಲ್ಲದೆ ನರಳಿದರು. ವೈದ್ಯರ ಬಹುಕಾಲದ ಹೋರಾಟದ ಫಲವಾಗಿ 2014ರಲ್ಲಿ ಆ ಕಾಯಿದೆಗೆ ತಿದ್ದುಪಡಿಯಾಯಿತು. ಕಾನೂನು ಸಡಿಲವಾದರೂ, ನೋವಿನಲ್ಲಿರುವವರೆಲ್ಲರಿಗೂ ಔಷಧವನ್ನೂ ಅದನ್ನು ಅರಿತು ಕೊಡಬಲ್ಲ ಕೈಗಳನ್ನೂ ಒದಗಿಸುವ ಕೆಲಸ ಇನ್ನೂ ಬಹಳಷ್ಟು ಉಳಿದಿದೆ.

ಸಿಸಿಲಿಯವರಿಗೆ ಲೋಕದ ಮನ್ನಣೆ ಹೇರಳವಾಗಿ ದೊರೆಯಿತು. ಬ್ರಿಟಿಷ್ ಸರ್ಕಾರವು ಡೇಮ್ ಎಂಬ ಗೌರವವನ್ನು ಸಲ್ಲಿಸಿತು. 1981ರಲ್ಲಿ ಟೆಂಪಲ್ಟನ್ ಪ್ರಶಸ್ತಿಯೂ 1989ರಲ್ಲಿ ಅತ್ಯುನ್ನತವಾದ ಆರ್ಡರ್ ಆಫ್ ಮೆರಿಟ್ ಪದವಿಯೂ ಲಭಿಸಿದವು. 1980ರಲ್ಲಿ, ಅರವತ್ತನ್ನು ದಾಟಿದ ಮೇಲೆ, ಪೋಲೆಂಡಿನ ಚಿತ್ರಕಾರ ಮರಿಯಾನ್ ಬೊಹುಷ್ ಶಿಷ್ಕೊ ಅವರನ್ನು ವಿವಾಹವಾದರು. ಅವರ ವರ್ಣಚಿತ್ರಗಳು ಧಾಮದ ಗೋಡೆಗಳನ್ನು ಅಲಂಕರಿಸಿದ್ದವು. ವೃದ್ಧರಾದ ಪತಿಯನ್ನು ಸಿಸಿಲಿ ಅಕ್ಕರೆಯಿಂದ ನೋಡಿಕೊಂಡರು. ಅವರು 1995ರಲ್ಲಿ ತೀರಿಕೊಂಡರು.

ಕೊನೆಗೆ ಸಿಸಿಲಿಯವರನ್ನೂ ಕ್ಯಾನ್ಸರ್ ಬಿಡಲಿಲ್ಲ. ಜೀವಮಾನವೆಲ್ಲ ಯಾವ ರೋಗದ ಎದುರಿಗೆ ಇತರರಿಗೆ ಧೈರ್ಯ ತುಂಬಿದ್ದರೋ ಅದೇ ರೋಗವು ಆಕೆಯ ಸ್ತನದಲ್ಲಿ ಕಾಣಿಸಿಕೊಂಡಿತು. ತಾವು ಕಟ್ಟಿದ ಮನೆಯಲ್ಲಿಯೇ ಆಕೆ ಒಬ್ಬ ರೋಗಿಯಾಗಿ ಮಲಗಿದರು. ಆಕೆ ಹಾಕಿಕೊಟ್ಟ ಪದ್ಧತಿಯಂತೆ ದಾದಿಯರು ಆಕೆಯ ಪಕ್ಕದಲ್ಲಿ ಕುಳಿತರು, ಹೊತ್ತಿಗೆ ಸರಿಯಾಗಿ ಔಷಧ ಕೊಟ್ಟರು. 2005ರ ಜುಲೈ 14ರಂದು, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಆಕೆ ಅಲ್ಲಿಯೇ ಕೊನೆಯುಸಿರೆಳೆದರು.

ಸಿಸಿಲಿ ಸಾಂಡರ್ಸ್ ಕ್ಯಾನ್ಸರಿಗೆ ಹೊಸ ಮದ್ದನ್ನು ಕಂಡುಹಿಡಿದವರಲ್ಲ. ಮಾರ್ಫಿನ್ ಆಕೆಗಿಂತ ಬಹು ಮೊದಲೇ ಇತ್ತು; ಕರುಣೆಯೂ ಮೊದಲೇ ಇತ್ತು. ಅವೆರಡನ್ನೂ ಒಂದೇ ಹಾಸಿಗೆಯ ಬಳಿಗೆ, ಒಂದೇ ಹೊತ್ತಿಗೆ ತಂದುದು ಆಕೆಯ ಹಿರಿಮೆ. ಗುಣಪಡಿಸಲು ಆಗದಿರುವಾಗಲೂ ಆರೈಕೆ ಮಾಡಲು ಆಗುತ್ತದೆಯೆಂಬುದನ್ನು ಆಕೆ ತಮ್ಮ ಬಾಳಿನಿಂದ ತೋರಿಸಿಕೊಟ್ಟರು. ನಾವೆಲ್ಲರೂ ವೈದ್ಯರಾಗಲಾರೆವು, ದಾದಿಯರಾಗಲಾರೆವು. ಆದರೆ ನಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಕಾಯಿಲೆಯಿಂದ ಮಲಗಿದವರ ಪಕ್ಕದಲ್ಲಿ ಅವಸರವಿಲ್ಲದೆ ಒಂದು ಗಳಿಗೆ ಕುಳಿತು, ಅವರು ಹೇಳುವುದನ್ನು ಕೇಳುವುದು ಯಾರಿಗೂ ಅಸಾಧ್ಯವಲ್ಲ. ಬಂಧುಗಳಿಲ್ಲದೆ ತೀರಿಕೊಂಡ ಒಬ್ಬ ಬಡ ಪರಿಚಾರಕನ ಮಾತಿಗೆ ಹೀಗೆ ಒಬ್ಬರು ಕಿವಿಗೊಟ್ಟುದರಿಂದಲೇ ಲೋಕದ ಅಸಂಖ್ಯ ರೋಗಿಗಳ ಕೋಣೆಗೆ ಬೆಳಕು ಬಂದಿತು.